ಮನೆಯವರು ಒಪ್ಪಿಬಿಟ್ಟರು

ನನ್ನ ಹೆಂಡತಿಯನ್ನು ನಾನು ಮೊದಲು ನೋಡಿದಾಗ ಮಳೆ ಬರುತ್ತಿತ್ತು. ಅವಳು ಕೊಡೆ ಮಡಚುತ್ತಾ ಬಾಡಿಗೆ ಪುಸ್ತಕದ ಅಂಗಡಿಯ ಮೆಟ್ಟಿಲು ಹತ್ತಿದಳು. ಕೊಡೆಯ ತುದಿಯಿಂದ ನೀರು ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಇದು ನನ್ನ ನೆನಪು. ಅವಳ ಪ್ರಕಾರ ಅದು ಏಪ್ರಿಲ್ ತಿಂಗಳು, ತುಮಕೂರಿನ ರಸ್ತೆಗಳಲ್ಲಿ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು, ಕೊಡೆ ಅನ್ನುವ ವಸ್ತು ಅವಳ ಹತ್ತಿರ ಇರಲೇ ಇಲ್ಲ.

"ಕೊಡೆ ಹಿಡ್ಕೊಂಡು ಬಂದಿದ್ದು ಆ ನೀಲಿ ರಟ್ಟಿನ ಕಾದಂಬರಿ ಹುಡುಗಿ ಕಣೋ. ನಾನು ಬಂದಿದ್ದು ಕರ್ಚೀಫಲ್ಲಿ ಬೆವರು ಒರೆಸ್ಕೊಂಡು" ಎನ್ನುತ್ತಾಳೆ.

ಇರಬಹುದು. ಆ ವರ್ಷ ನಾನು ಓದಿದ ಪ್ರೇಮ ಕಾದಂಬರಿಗಳ ರಾಶಿಯಲ್ಲಿ ಯಾರ ಕೊಡೆ ಯಾರ ಕೈಗೆ ಹೋಯಿತೋ ಈಗ ವಿಂಗಡಿಸುವುದು ಕಷ್ಟ. ನನ್ನ ನೆನಪು ಬಾಡಿಗೆ ಮನೆ ಇದ್ದ ಹಾಗೆ. ಹಿಂದೆ ಇದ್ದವರ ಸಾಮಾನು ಅಲ್ಲಲ್ಲೇ ಉಳಿದಿದೆ.

ಆಗ ನಾನು ಎಂ.ಎ. ಮುಗಿಸಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ನಿಟ್ಟೂರಿನಿಂದ ಬೆಳಿಗ್ಗೆ ರೈಲಿನಲ್ಲಿ ತುಮಕೂರಿಗೆ ಬಂದು, ದಿನವಿಡೀ ಏನನ್ನೂ ನಂಬದೆ ಇದ್ದು, ಸಂಜೆ ಅದೇ ರೈಲಿನಲ್ಲಿ ವಾಪಸ್ ಹೋಗುತ್ತಿದ್ದೆ. ದೇವರು, ಪ್ರೀತಿ, ಪರೀಕ್ಷೆ, ಕ್ಯಾಂಟೀನಿನ ಸಾಂಬಾರು, ಎಲ್ಲದರ ಮೇಲೂ ನನಗೆ ಅನುಮಾನವಿತ್ತು. ಒಂದು ಸೆಮಿನಾರಿಗೆ ಪ್ರಬಂಧ ಮಂಡಿಸಬೇಕಾಗಿ ಬಂದಾಗ ನಾನು ಆರಿಸಿಕೊಂಡ ವಿಷಯ, ಈಚಿನ ಪ್ರೇಮ ಕಾದಂಬರಿಗಳಲ್ಲಿ ಕೂಡದು ಎನ್ನಿಸಿಕೊಂಡ ಪ್ರೀತಿ ಓದುವವರನ್ನು ಯಾಕೆ ಇಷ್ಟು ಸೆಳೆಯುತ್ತದೆ ಎಂಬುದು. ಅದಕ್ಕಾಗಿ ಬಿ.ಎಚ್. ರಸ್ತೆಯ ಸಂದಿಯೊಂದರಲ್ಲಿದ್ದ ಪುಸ್ತಕದ ಅಂಗಡಿಯಿಂದ ಕಟ್ಟುಗಟ್ಟಲೆ ಕಾದಂಬರಿ ತರುತ್ತಿದ್ದೆ. ಸಾಲದೆಂದು ಫೋನಿನಲ್ಲಿ ದಿನಕ್ಕೊಂದು ಕಂತು ಬರುವ ಧಾರಾವಾಹಿಗಳನ್ನೂ ಓದುತ್ತಿದ್ದೆ. ಎಲ್ಲ ಕಡೆ ಹುಡುಗಿ ಪ್ರೀತಿಸಬಾರದವನನ್ನೇ ಪ್ರೀತಿಸುತ್ತಿದ್ದಳು. ಅವನು ಅಪ್ಪನ ಶತ್ರುವಿನ ಮಗ, ಇಲ್ಲವೇ ಗೆಳತಿಯ ಅಣ್ಣ, ಇಲ್ಲವೇ ಆಫೀಸಿನ ಯಜಮಾನ, ತೀರಾ ಧೈರ್ಯವಿದ್ದ ಲೇಖಕಿಯಾದರೆ ಸತ್ತ ಗಂಡನ ತಮ್ಮ. ಕಂತಿನ ಕೆಳಗೆ ಓದುಗರು ಬರೆಯುತ್ತಿದ್ದರು: ದಯವಿಟ್ಟು ಇವರಿಬ್ಬರನ್ನು ಒಂದು ಮಾಡಿ, ನನಗೆ ಅಡುಗೆ ಮಾಡೋಕೆ ಮನಸ್ಸು ಬರ್ತಿಲ್ಲ.

ನನ್ನ ವಾದ ಸರಳವಾಗಿತ್ತು. ಓದುವವರಿಗೆ ಬೇಕಾದದ್ದು ಪ್ರೀತಿಯಲ್ಲ, ಗೋಡೆ. ಗೋಡೆ ತೆಗೆದುಬಿಡಿ, ಇಬ್ಬರೂ ಆಕಳಿಸುತ್ತಾ ಅವರವರ ಮನೆಗೆ ಹೋಗುತ್ತಾರೆ. ಈ ವಾಕ್ಯ ಬರೆದ ದಿನ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು. ಆಮೇಲೆ ಅದೇ ವಾಕ್ಯ ನನ್ನ ಮೇಲೇ ತಿರುಗಿಬಿದ್ದದ್ದನ್ನು ಮುಂದೆ ಹೇಳುತ್ತೇನೆ.

ಓದುವಾಗ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುವುದು ನನ್ನ ಅಭ್ಯಾಸ. ನಾಯಕಿಯ ಕಣ್ಣು ತುಂಬಿ ಬಂದ ಕಡೆ, "ಮತ್ತೆ ನೀರು ಬಿಟ್ಟರು." ಇಬ್ಬರೂ ಒಬ್ಬರನ್ನೊಬ್ಬರು ಎವೆಯಿಕ್ಕದೆ ನೋಡಿದ ಕಡೆ, "ಕಣ್ಣು ಉರಿಯುವುದಿಲ್ಲವೆ?" ನಾಯಕನ ಎದೆಯ ಅಗಲದ ವರ್ಣನೆ ಬಂದ ಕಡೆ, "ಬಾಗಿಲಲ್ಲಿ ಹೇಗೆ ಹೋಗುತ್ತಾನೆ?"

ಮಳೆಯೋ ಬಿಸಿಲೋ, ಆ ದಿನ ಅವಳು ಅಂಗಡಿಗೆ ಬಂದದ್ದು ನನ್ನನ್ನು ಹಿಡಿಯಲಿಕ್ಕೆ. ಅಂಗಡಿಯವರು ನನ್ನ ಕಡೆ ಬೆರಳು ತೋರಿಸಿದರು. ಅವಳು ಪುಸ್ತಕ ತೆರೆದು ಹಿಡಿದು ಕೇಳಿದಳು, "ನೀವೇನಾ ಇದನ್ನೆಲ್ಲ ಬರ್ದಿರೋದು?"

"ಹೌದು. ಯಾಕೆ?"

"ಅವನು ಅವಳ ಕೈ ಹಿಡ್ಕೊಳ್ತಾನೆ, ನನಗೆ ಅಳು ಬರೋ ಟೈಮು. ಪಕ್ಕದಲ್ಲಿ 'ಕೈ ತೊಳೆದಿದ್ದಾನಾ?' ಅಂತ ಬರ್ದಿದೀರಲ್ಲ. ಮನುಷ್ಯರಾ ನೀವು?"

ಈ ಮಾತು ಮಾತ್ರ ನಿಜ. ಅವಳೂ ಒಪ್ಪುತ್ತಾಳೆ.

ಅವಳು ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯವಳು. ತುಮಕೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ದಿನಾ ಪ್ರೈವೇಟ್ ಬಸ್ಸಿನಲ್ಲಿ ಹೋಗಿಬರುವಾಗ ಕಾದಂಬರಿ ಓದುತ್ತಿದ್ದಳು. ಪ್ರಬಂಧಕ್ಕೆ ಓದುವವಳೊಬ್ಬಳು ಸಿಕ್ಕಳೆಂದು ನಾನು ಪ್ರಶ್ನೆ ಕೇಳಲು ಶುರುಮಾಡಿದೆ. ಕೊನೆಯ ಅಧ್ಯಾಯಗಳಲ್ಲಿ ನಾನು ಗೀಚಿದ್ದರ ಬಗ್ಗೆ ಅವಳಿಗೆ ಕೋಪ ಇರಲಿಲ್ಲ. ಯಾಕೆಂದರೆ ಅವಳು ಕೊನೆಯ ಅಧ್ಯಾಯಗಳನ್ನು ಓದುತ್ತಲೇ ಇರಲಿಲ್ಲ.

"ಮನೆಯವರು ಒಪ್ಪಿದ ತಕ್ಷಣ ಮುಚ್ಚಿಬಿಡ್ತೀನಿ" ಎಂದಳು.

"ಯಾಕೆ?"

"ಒಪ್ಪಿದ ಮೇಲೆ ಓದೋಕೆ ಏನಿರುತ್ತೆ? ಛತ್ರ ಬುಕ್ ಮಾಡೋದಾ?"

ನಾನು ಇದನ್ನು ಖುಷಿಯಿಂದ ಪ್ರಬಂಧಕ್ಕೆ ಸೇರಿಸಿಕೊಂಡೆ.

ಮೊದಲ ಸಲ ಜೊತೆಯಲ್ಲಿ ತಿಂದದ್ದು ತಟ್ಟೆ ಇಡ್ಲಿ. ಅದು ಸೋಮವಾರ ಇರಬೇಕು, ಯಾಕೆಂದರೆ ಸೋಮವಾರ ನಮ್ಮ ಮನೆಯಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ. ಅವಳ ಹಣೆಯ ಮೇಲೆ ತೆಳುವಾಗಿ ವಿಭೂತಿ ಇತ್ತು. ನಾನು ಬರೀ ಇಡ್ಲಿ ಹೇಳಿದೆ. ಅವಳೂ ಇಡ್ಲಿ ಹೇಳಿದಳು. ಆ ಇಡ್ಲಿ ಮತ್ತು ಆ ವಿಭೂತಿಯನ್ನು ಕೂಡಿಸಿ ನಾನು ಅವಳ ಜಾತಿ ಲೆಕ್ಕ ಹಾಕಿಬಿಟ್ಟೆ. ಅವಳೂ ನನ್ನ ಇಡ್ಲಿ ನೋಡಿ, ನನ್ನ ಮೃದುವಾದ ಪುಸ್ತಕದ ಕನ್ನಡ ಕೇಳಿ, ನನ್ನ ಜಾತಿ ಲೆಕ್ಕ ಹಾಕಿದಳು. ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ನಮ್ಮ ವಿಭಾಗದಲ್ಲಿ ಜಾತಿ ಕೇಳುವುದು ಎಂದರೆ ತುಂಬಿದ ಸಭೆಯಲ್ಲಿ ಮೂಗಿನೊಳಗೆ ಬೆರಳು ತೂರಿಸಿದ ಹಾಗೆ. ನಾವು ಕೇಳುವವರಲ್ಲ. ಊಹಿಸುವವರು.

ಎರಡು ವರ್ಷ ಹೀಗೇ ಹೋಯಿತು. ಎರಡು ವರ್ಷವೂ ನಾವು ಇಡ್ಲಿ, ಪಲಾವು, ಚಿತ್ರಾನ್ನ, ಮತ್ತೆ ಇಡ್ಲಿ ತಿಂದೆವು. ಅವಳಿಗೆ ಬೇಜಾರಾಗಬಾರದೆಂದು ನಾನು ಆಮ್ಲೆಟ್ ಎನ್ನುವ ಶಬ್ದವನ್ನೂ ಅವಳೆದುರು ಆಡುತ್ತಿರಲಿಲ್ಲ. ಸಂಜೆ ಗುಬ್ಬಿಯಲ್ಲಿ ಇಳಿದು ಮಿಲಿಟರಿ ಹೋಟೆಲಿಗೆ ನುಗ್ಗಿ ಬೋಟಿ ಗೊಜ್ಜು ತಿಂದು, ಮುಂದಿನ ಬಸ್ಸಿಗೆ ನಿಟ್ಟೂರಿಗೆ ಹೋಗುತ್ತಿದ್ದೆ.

ನಮ್ಮದು ಕೂಡದ ಪ್ರೀತಿ ಎಂದು ನಮಗೆ ಖಾತ್ರಿಯಾಗಿತ್ತು. ಆ ಖಾತ್ರಿಯಲ್ಲಿ ಎಂಥ ಸುಖವಿತ್ತು! ಸಿಟಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತಿರಲಿಲ್ಲ. ಅಮಾನಿಕೆರೆಯ ದಂಡೆಯಲ್ಲಿ ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಫೋನಿನಲ್ಲಿ ನನ್ನ ನಂಬರನ್ನು ಅವಳು ಲ್ಯಾಬಿಗೆ ಸಿರಿಂಜು ತರುವ ಏಜೆಂಟಿನ ಹೆಸರಿನಲ್ಲಿ ಹಾಕಿಕೊಂಡಿದ್ದಳು. ನಾನು ಕಳಿಸುತ್ತಿದ್ದ ಮೆಸೇಜು, "ಸ್ಟಾಕ್ ಬಂದಿದೆ ಮೇಡಂ." ಅವಳ ಉತ್ತರ, "ನಾಳೆ ಬಂದು ನೋಡ್ತೀನಿ." ಅದನ್ನು ರೈಲಿನಲ್ಲಿ ಮತ್ತೆ ಮತ್ತೆ ತೆಗೆದು ಓದುತ್ತಿದ್ದೆ. ಏನನ್ನೂ ನಂಬದ ಮನುಷ್ಯ ನಾನು, ಸ್ಟಾಕಿನ ಮೆಸೇಜು ಬಾಯಿಪಾಠ ಮಾಡುತ್ತಿದ್ದೆ.

ನಿಜವಾದ "ಬೇಡ" ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಬ್ಯಾಚಿನ ಹುಡುಗನೊಬ್ಬ ಮೇಲಿನ ಕೇರಿಯ ಹುಡುಗಿಯನ್ನು ಮೆಚ್ಚಿದ. ಅವರು ಕೊನೆಯ ಪರೀಕ್ಷೆಗೆ ಬರಲಿಲ್ಲ, ಆಮೇಲೆ ಊರಿಗೂ ಬರಲಿಲ್ಲ. ಅವರೆಲ್ಲಿದ್ದಾರೆಂದು ನನಗೆ ಗೊತ್ತು. ಯಾರು ಕೇಳಿದರೂ ಗೊತ್ತಿಲ್ಲ ಎನ್ನುತ್ತೇನೆ. ಅವನಿಗೆ ಒಮ್ಮೆ ಫೋನಿನಲ್ಲಿ ನನ್ನ ಪ್ರಬಂಧದ ವಿಷಯ ಹೇಳಿದ್ದೆ. ಗೋಡೆಯೇ ಓದುಗರಿಗೆ ಬೇಕಾದದ್ದು ಎಂದೆ. ಅವನು ನಕ್ಕು, "ಬೇಕಾದ್ರೆ ನಮ್ಮ ಗೋಡೆ ತಗೊಂಡು ಹೋಗೋ" ಎಂದ. ನಾನೂ ನಕ್ಕಿದ್ದೆ. ಆಗ ನನಗೆ ನನ್ನದೂ ಅಂಥದೇ ಗೋಡೆ ಎಂಬ ಭ್ರಮೆ ಇತ್ತು.

ಕೊನೆಗೆ ಮನೆಯಲ್ಲಿ ಹೇಳುವ ದಿನ ಬಂತು. ಇಬ್ಬರೂ ಒಂದೇ ದಿನ ಅವರವರ ಮನೆಯಲ್ಲಿ ಹೇಳುವುದು, ಗಲಾಟೆಯಾದರೆ ಬ್ಯಾಗ್ ಎತ್ತಿಕೊಂಡು ತುಮಕೂರು ಬಸ್ ಸ್ಟ್ಯಾಂಡಿಗೆ ಬರುವುದು ಎಂದು ಮಾತಾಗಿತ್ತು. ನಾನು ಭಾಷಣ ತಯಾರು ಮಾಡಿಕೊಂಡಿದ್ದೆ. ಅದರಲ್ಲಿ ಸಮಾನತೆ ಇತ್ತು, ಸಂವಿಧಾನ ಇತ್ತು, ಕಡೆಯಲ್ಲಿ ನಾನು ಮನೆ ಬಿಟ್ಟುಹೋಗುವ ಒಂದು ಪ್ಯಾರಾ ಇತ್ತು. ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿದ್ದೆ.

ಅಪ್ಪ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ನಿಂತುಕೊಂಡೇ ಶುರುಮಾಡಿದೆ. "ನಾನೊಂದು ಹುಡುಗಿನ ಪ್ರೀತಿಸ್ತಿದೀನಿ. ಎರಡು ವರ್ಷ ಆಯ್ತು."

ಅಪ್ಪ ಪೇಪರ್ ಕೆಳಗಿಳಿಸಿದರು. "ಯಾವೂರು?"

"ಅಮೃತೂರು ಹತ್ರ."

"ಯಾರ ಮನೇದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಯಾವ ಜನ?"

"ನಾವು ಅದನ್ನೆಲ್ಲ ಕೇಳ್ಕೊಂಡಿಲ್ಲ. ಕೇಳೋದೂ ಇಲ್ಲ" ಎಂದೆ. ಭಾಷಣದ ಮೊದಲ ಸಾಲು ಬಾಯಿಗೆ ಬಂದಿತ್ತು.

ಅಪ್ಪ ಅಮ್ಮನ ಕಡೆ ತಿರುಗಿದರು. "ನೋಡೇ ನಿನ್ನ ಮಗನ್ನ. ಎರಡು ವರ್ಷ ಓಡಾಡವ್ನೆ, ಯಾರ ಮನೇದು ಅಂತ ಕೇಳಿಲ್ವಂತೆ. ಎಮ್ಮೆ ಹಿಡಿಯೋಕೆ ಹೋದ್ರೂ ಯಾರ ಮನೆ ಕೊಟ್ಟಿಗೇದು ಅಂತ ಕೇಳ್ತಾರಲ್ಲೇ!"

"ಎಂ.ಎ. ಓದ್ಲಿ ಅಂದವ್ರು ನೀವೇ ಅಲ್ವಾ" ಎಂದಳು ಅಮ್ಮ.

ಅಪ್ಪ ಹುಡುಗಿಯ ತಂದೆಯ ಹೆಸರು ಕೇಳಿಕೊಂಡು ಫೋನ್ ಎತ್ತಿದರು. ಅಮೃತೂರಿನಲ್ಲಿ ಅವರಿಗೆ ಪರಿಚಯದ ಒಬ್ಬ ಕಾಯಿ ವ್ಯಾಪಾರಿ ಇದ್ದರು. ನಾವಿಬ್ಬರು ಎರಡು ವರ್ಷದಲ್ಲಿ ಕೇಳದ್ದನ್ನು ಅಪ್ಪ ಒಂದು ಕರೆಯಲ್ಲಿ ಕೇಳಿದರು. ನಾನು ಅವರ ಮುಖ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿತು. ಸರಿ, ಈಗ ಶುರು, ಎಂದುಕೊಂಡು ಬ್ಯಾಗ್ ಇಟ್ಟ ಕೋಣೆಯ ಕಡೆ ನೋಡಿದೆ. ಆಮೇಲೆ ಹುಬ್ಬು ಸಡಿಲವಾಯಿತು. ಆಮೇಲೆ, ಇದು ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ, ಅಪ್ಪ ಹಲ್ಲು ಬಿಟ್ಟರು.

"ಲೇ, ಇವ್ರು ನಮ್ಮೋರೇ ಕಣೇ!"

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅಮ್ಮ ಅವರೆಕಾಯಿ ಬಿಟ್ಟು ಎದ್ದು ಫೋನ್ ಕಿತ್ತುಕೊಂಡು, ಆ ಕಡೆಯವರ ಜೊತೆ ಯಾರ ಅಜ್ಜಿ ಎಲ್ಲಿಯವರು, ಯಾರನ್ನು ಎಲ್ಲಿಗೆ ಕೊಟ್ಟಿದ್ದರು ಎಂದು ವಿಚಾರಿಸಿದಳು. ನನ್ನ ಅಮ್ಮನ ತಾಯಿ, ಅವಳ ಅಪ್ಪನ ತಾಯಿ, ಇಬ್ಬರೂ ಬೆಳ್ಳಾವಿಯ ಒಂದೇ ಮನೆತನದ ಹೆಣ್ಣುಮಕ್ಕಳು, ದಾಯಾದಿ ಅಕ್ಕತಂಗಿಯರು. ಅಂದರೆ ಅವಳ ಅಪ್ಪ ನನ್ನ ಅಮ್ಮನಿಗೆ ವರಸೆಯಲ್ಲಿ ಅಣ್ಣ. ಅಂದರೆ ನನಗೆ ಸೋದರಮಾವ. ಅಂದರೆ ನಾನು ಎರಡು ವರ್ಷ ಹತ್ತು ಹೆಜ್ಜೆ ಹಿಂದೆ ನಡೆದು, ಸಿರಿಂಜಿನ ಏಜೆಂಟಾಗಿ, ಬೋಟಿ ಕದ್ದು ತಿಂದು ಪ್ರೀತಿಸಿದ್ದು ಸೋದರಮಾವನ ಮಗಳನ್ನು. ನಮ್ಮಲ್ಲಿ ಮಾವನ ಮಗಳನ್ನು ಪ್ರೀತಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರೀತಿಸದಿದ್ದರೇ ಕೇಳುತ್ತಾರೆ, ಏನಾಗಿದೆ ನಿನಗೆ ಅಂತ.

ಅವಳಿಗೆ ಮೆಸೇಜು ಮಾಡಿದೆ: "ಒಪ್ಪಿಬಿಟ್ಟರು."

ತುಂಬ ಹೊತ್ತಾದ ಮೇಲೆ ಉತ್ತರ ಬಂತು: "ಇಲ್ಲೂ."

ಇಬ್ಬರೂ ಒಂದು ನಗುವ ಚಿಹ್ನೆಯನ್ನೂ ಕಳಿಸಲಿಲ್ಲ.

ಮುಂದಿನ ಭಾನುವಾರ ಅಮೃತೂರಿಗೆ ಹೋದೆವು. ಅವಳ ಅಪ್ಪ ಗೇಟಿನಲ್ಲೇ "ಬಾರಮ್ಮ, ಬಾ ತಂಗೀ" ಎಂದು ನನ್ನ ಅಮ್ಮನನ್ನು ಕರೆದರು. ಅಮ್ಮ ಅದುವರೆಗೆ ಅವರನ್ನು ಕಂಡೇ ಇರಲಿಲ್ಲ. "ಅಣ್ಣಾ, ಎಷ್ಟು ಸೊರಗಿದೀಯ" ಎಂದು ಕಣ್ಣು ಒರೆಸಿಕೊಂಡಳು. ನನ್ನನ್ನು ನೋಡಿ ಅವರು "ಅಳಿಮಯ್ಯ" ಎಂದು ಬೆನ್ನಿಗೊಂದು ಬಿಟ್ಟರು.

ಊಟಕ್ಕೆ ಕೂತಾಗ ಮುದ್ದೆ ಬಂತು, ಹಿಂದೆಯೇ ನಾಟಿಕೋಳಿ ಸಾರು. ಬಡಿಸುತ್ತಿದ್ದವಳು ಅವಳು. ಸೌಟು ನನ್ನ ತಟ್ಟೆಯ ಮೇಲೆ ನಿಂತಿತು.

"ನೀನು ತಿಂತೀಯಾ?" ಎಂದು ಪಿಸುಗುಟ್ಟಿದಳು.

"ನೀನು?"

"ಸಂಜೆ ಕುಣಿಗಲ್ಲಲ್ಲಿ ಇಳಿದ ತಕ್ಷಣ ಕಬಾಬ್ ತಿಂತಿದ್ದೆ ಕಣೋ. ನಿನ್ನ ಮುಖ ನೆನಪಾಗಿ ಪಾಪ ಅನ್ನಿಸೋದು."

"ಎರಡು ವರ್ಷ ಇಡ್ಲಿ ತಿನ್ಸಿದ್ಯಲ್ಲೇ!"

"ನಾನು ತಿನ್ಸಿದ್ನಾ? ನೀನೇ ತಾನೇ ಇಡ್ಲಿ ಇಡ್ಲಿ ಅಂತಿದ್ದಿದ್ದು. ಆ ಮುಖ ಹೊತ್ಕೊಂಡು!"

ವಿಭೂತಿ? ಅವಳು ಹೈಸ್ಕೂಲು ಓದಿದ್ದು ಮಠದ ಹಾಸ್ಟೆಲಿನಲ್ಲಿ. ಬೆಳಿಗ್ಗೆ ಹಚ್ಚಿಕೊಳ್ಳುವ ಅಭ್ಯಾಸ ಉಳಿದುಬಿಟ್ಟಿತ್ತು, ಅಷ್ಟೇ.

ನಾನು ಅವಳು ಮೂಳೆ ಕಡಿಯುವುದನ್ನು ಮೊದಲ ಸಲ ನೋಡಿದೆ. ಬಹಳ ನುರಿತ ಕೆಲಸ. ಚೆಂದವೆನಿಸಿತು. ಆದರೆ ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಇಡೀ ಮನೆ ನಮ್ಮಿಬ್ಬರನ್ನು ನೋಡುತ್ತಿತ್ತು, ನಗುತ್ತಿತ್ತು, ಇನ್ನೊಂದು ತುಂಡು ಹಾಕಮ್ಮ ಅಳಿಮಯ್ಯಂಗೆ ಎನ್ನುತ್ತಿತ್ತು. ಪಲಾವಿನ ಮೇಲೆ ತಲೆ ಬಗ್ಗಿಸಿಕೊಂಡು ಕದ್ದು ನೋಡುತ್ತಿದ್ದ ಆ ಕಣ್ಣು ಎಲ್ಲಿಗೋ ಹೋಗಿತ್ತು.

ನಿಶ್ಚಿತಾರ್ಥಕ್ಕೆ ಮುಂಚೆ ಒಂದು ಸಂಜೆ ಅಮಾನಿಕೆರೆಯ ದಂಡೆಯ ಮೇಲೆ ಕೂತಿದ್ದೆವು. ಈಗ ಒಂದೇ ಕಲ್ಲುಬೆಂಚಿನ ಮೇಲೆ, ಪಕ್ಕಪಕ್ಕದಲ್ಲಿ. ಯಾರೂ ನಮ್ಮನ್ನು ನೋಡುತ್ತಿರಲಿಲ್ಲ, ನೋಡಿದರೂ ಏನೂ ಆಗುತ್ತಿರಲಿಲ್ಲ.

"ನನಗೆ ಏನೂ ಅನ್ನಿಸ್ತಿಲ್ಲ ಕಣೋ" ಎಂದಳು.

"ಏನೂ ಅಂದ್ರೆ?"

"ಮೊದಲು ನಿನ್ನ ಮೆಸೇಜ್ ಬಂದ್ರೆ ಎದೆ ಹೊಡ್ಕೊಳ್ಳೋದು. ಈಗ ನಮ್ಮಪ್ಪ 'ಅಳಿಮಯ್ಯಂದು ಮೆಸೇಜ್ ಬಂತು ನೋಡಮ್ಮ' ಅಂತ ಅವರೇ ಫೋನ್ ತಂದ್ಕೊಡ್ತಾರೆ. ಚಾರ್ಜಿಗೂ ಹಾಕಿರ್ತಾರೆ."

"ಮದುವೆ ಬೇಡ ಅನ್ನಿಸ್ತಿದ್ಯಾ?"

ಅವಳು ಯೋಚನೆ ಮಾಡಿದಳು. ಯೋಚನೆ ಮಾಡಿದ್ದಕ್ಕೇ ನನಗೆ ಭಯವಾಯಿತು. "ಬೇಡ ಅಂತಲ್ಲ. ಬೇಡ ಅನ್ನೋಕೂ ಒಂದು ಕಾರಣ ಬೇಕಲ್ಲ."

ಗೋಡೆ ತೆಗೆದುಬಿಡಿ, ಇಬ್ಬರೂ ಆಕಳಿಸುತ್ತಾ ಅವರವರ ಮನೆಗೆ ಹೋಗುತ್ತಾರೆ. ಸೆಮಿನಾರಿನಲ್ಲಿ ಈ ವಾಕ್ಯಕ್ಕೆ ಚಪ್ಪಾಳೆ ಬಿದ್ದಿತ್ತು. ಈಗ ಒಬ್ಬಳು ನನ್ನ ಪಕ್ಕದಲ್ಲೇ ಕೂತು ಅದನ್ನು ಸಾಬೀತು ಮಾಡುತ್ತಿದ್ದಳು. ನನಗಾದರೂ ಏನು ಅನ್ನಿಸುತ್ತಿತ್ತು? ನಿಜ ಹೇಳಬೇಕೆಂದರೆ, ಅವಳಿಗೆ ಏನೂ ಅನ್ನಿಸುತ್ತಿಲ್ಲ ಎಂದು ಅವಳು ಹೇಳುವವರೆಗೂ ನನಗೂ ಹೆಚ್ಚೇನೂ ಅನ್ನಿಸಿರಲಿಲ್ಲ. ಹೇಳಿದ ತಕ್ಷಣ ಇವಳಿಲ್ಲದೆ ಆಗುವುದಿಲ್ಲ ಅನ್ನಿಸಿತು. ಆದರೆ ಇವಳಿಗೆ ನಾನು ಬೇಕೋ, ನನ್ನ ಸುತ್ತ ಇದ್ದ ಆ "ಬೇಡ" ಬೇಕಾಗಿತ್ತೋ? ಅದು ಗೊತ್ತಾಗುವ ದಾರಿ ನನಗೆ ಕಾಣಲಿಲ್ಲ. ಅದೇ ಪ್ರಶ್ನೆ ಹೊತ್ತುಕೊಂಡೇ ತಾಳಿ ಕಟ್ಟಿದೆ. ನಾದಸ್ವರ ಜೋರಾಗಿತ್ತು, ಊಟ ಚೆನ್ನಾಗಿತ್ತು, ಎಲ್ಲರೂ ಬಂದಿದ್ದರು, ಯಾರೂ ಅಡ್ಡಿಪಡಿಸಲಿಲ್ಲ.

ಮದುವೆಯಾದ ಮೊದಲ ವಾರಗಳು ಬಹಳ ಮರ್ಯಾದೆಯಿಂದ ಕಳೆದವು. ನಾನು ಗುಬ್ಬಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಅವಳು ತುಮಕೂರಿನ ಕೆಲಸ ಬಿಟ್ಟು, ಶ್ರಾವಣದಿಂದ ಗುಬ್ಬಿಯ ಇನ್ನೊಂದು ಲ್ಯಾಬಿಗೆ ಸೇರುವುದೆಂದಾಗಿತ್ತು. ಅಮ್ಮನೆದುರು ನನ್ನನ್ನು "ರೀ" ಎನ್ನುತ್ತಿದ್ದಳು. ಆ "ರೀ" ಕೇಳಿದಾಗೆಲ್ಲ ನನ್ನ ಹಿಂದೆ ಇನ್ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದೆ. ಊಟವಾದ ಮೇಲೆ ಫೋನಿನಲ್ಲಿ ಧಾರಾವಾಹಿ ಓದುತ್ತಾ ಮಲಗುತ್ತಿದ್ದಳು. ಒಮ್ಮೊಮ್ಮೆ "ಥೂ" ಎಂದು ಫೋನ್ ಪಕ್ಕಕ್ಕಿಡುವಳು.

"ಏನಾಯ್ತು?"

"ಒಪ್ಪಿಬಿಟ್ರು."

ಮತ್ತೊಂದು ಕತೆ ತೆರೆಯುವಳು. ನಾನು ಪಕ್ಕದಲ್ಲಿ ಮಲಗಿ, ಒಪ್ಪಿದ ಮೇಲಿನ ಅಧ್ಯಾಯದ ನಾಯಕನಂತೆ ಫ್ಯಾನ್ ನೋಡುತ್ತಿದ್ದೆ.

ಅಷ್ಟರಲ್ಲಿ ಆಷಾಢ ಬಂತು. ಹೊಸದಾಗಿ ಮದುವೆಯಾದವರು ಆ ತಿಂಗಳು ಒಟ್ಟಿಗಿರುವಂತಿಲ್ಲ. ಅತ್ತೆ ಸೊಸೆ ಒಂದೇ ಹೊಸಿಲು ತುಳಿಯಬಾರದು, ಅಳಿಯ ಮಾವನ ಮನೆಯ ಕಡೆ ಸುಳಿಯಬಾರದು. ಅವಳ ಅಪ್ಪ ಬಂದು ಅವಳನ್ನು ಕರೆದುಕೊಂಡು ಹೋದರು. ಬಸ್ಸು ಹೊರಟಾಗ ಅವಳು ಕೈ ಬೀಸಿದಳು, ನಾನೂ ಬೀಸಿದೆ. ಲ್ಯಾಬಿನಲ್ಲಿ ರಕ್ತ ಕೊಟ್ಟು ಹೊರಡುವವರಿಗೆ ಬೀಸುವಷ್ಟೇ ಬೀಸಿದಳು. ಫೋನಿಗೇನೂ ಆಷಾಢವಿಲ್ಲ. ಆದರೂ ಮೊದಲ ವಾರ ನಾವು ಆಡಿದ್ದು "ಊಟ ಆಯ್ತಾ," "ಆಯ್ತು, ನಿಂದು?" ಅಷ್ಟೇ.

ಒಂದು ಬೆಳಿಗ್ಗೆ ಅಮ್ಮ ಕಾಫಿ ಕೊಡುತ್ತಾ ಎಚ್ಚರಿಕೆ ಹೇಳಿದಳು. "ಏನ್ಲಾ, ಶ್ರಾವಣ ಬರೋವರೆಗೂ ಆ ಕಡೆ ತಲೆ ಹಾಕ್ಕೂಡದು ನೀನು. ಕುಣಿಗಲ್ ಬಸ್ ಹತ್ತಿದ್ದು ಗೊತ್ತಾದ್ರೆ ಕಾಲು ಮುರೀತೀನಿ."

"ನಾನ್ಯಾಕಮ್ಮ ಹೋಗ್ಲಿ?"

"ಯಾಕಾ? ನಿಮ್ಮಪ್ಪ ಹೋಗಿರ್ಲಿಲ್ವಾ? ನಮ್ಮೂರ ತೋಪಿನಲ್ಲಿ ಕೂತಿದ್ರು, ಕಳ್ಳನ ಥರ. ನಮ್ಮಪ್ಪ ದೊಣ್ಣೆ ತಗೊಂಡು ಹೋಗಿ ನೋಡಿದ್ರೆ ಅಳಿಯ!"

ಅಪ್ಪ ಪೇಪರಿನ ಹಿಂದಿನಿಂದ ಕೆಮ್ಮಿದರು. "ಎಳನೀರು ಕುಡಿಯೋಕೆ ಹೋಗಿದ್ದೆ" ಎಂದರು.

ಆಣೆ ಮಾಡಿ ಹೇಳುತ್ತೇನೆ, ಅದುವರೆಗೆ ನನಗೆ ಹೋಗುವ ಯೋಚನೆಯೇ ಬಂದಿರಲಿಲ್ಲ. ಅಮ್ಮ ಕೂಡದು ಎಂದಳು ನೋಡಿ, ಕಾಫಿ ಲೋಟ ಕೆಳಗಿಟ್ಟು ಫೋನಿನಲ್ಲಿ ಕುಣಿಗಲ್ ಬಸ್ಸಿನ ಟೈಮು ಹುಡುಕಿದೆ. ಸ್ಟಾಕ್ ಬಂದಿದೆ ಮೇಡಂ ಎನ್ನುತ್ತಿದ್ದ ಆ ಏಜೆಂಟು ವಾಪಸ್ ಬಂದಿದ್ದ.

ಆ ಭಾನುವಾರ ತುಮಕೂರಿನಲ್ಲಿ ಸೆಮಿನಾರ್ ಇದೆ ಎಂದು ಸುಳ್ಳು ಹೇಳಿ ಹೊರಟೆ. ಅವಳಿಗೆ ಹೇಳಲಿಲ್ಲ. ಕುಣಿಗಲ್ಲಿನಲ್ಲಿ ಇಳಿದು ಫೋನ್ ಮಾಡುವುದು, ಬರುತ್ತಾಳೋ ಇಲ್ಲವೋ ನೋಡುವುದು. ಬಂದರೆ ಒಂದು ಉತ್ತರ, ಬರದಿದ್ದರೆ ಇನ್ನೊಂದು. ತುಮಕೂರಿನಲ್ಲಿ ಬಸ್ ಹತ್ತಿ, ಯಾರಾದರೂ ನೋಡುತ್ತಾರೆಂದು ಕಿಟಕಿಯಿಂದ ದೂರ ಕೂತೆ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡೆ. ಶಾಸ್ತ್ರೋಕ್ತವಾಗಿ ಮದುವೆಯಾದ ಸ್ವಂತ ಹೆಂಡತಿಯನ್ನು ನೋಡಲು ಹೋಗುತ್ತಿದ್ದೆ.

ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಫೋನ್ ತೆಗೆದೆ. ಎದುರುಗಡೆ ತುಮಕೂರಿಗೆ ಹೊರಟ ಬಸ್ಸೊಂದು ನಿಂತಿತ್ತು. ತಲೆಗೆ ವೇಲ್ ಸುತ್ತಿಕೊಂಡ ಹೆಂಗಸೊಬ್ಬಳು ಅದನ್ನು ಹತ್ತುತ್ತಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇ​ಲೆ. ಕೈಯಲ್ಲಿ ಸ್ಟೀಲ್ ಟಿಫನ್ ಕ್ಯಾರಿಯರ್. ನಾನು ಗುರುತು ಹಿಡಿದದ್ದು ಕ್ಯಾರಿಯರನ್ನು. ನಮ್ಮ ಮದುವೆಗೆ ಬಂದದ್ದು ಅದು, ಕೊಟ್ಟವರ ಹೆಸರನ್ನು ಇಷ್ಟು ದಪ್ಪಗೆ ಕೊರೆಸಿದ್ದರು.

ಅವಳು ತಿರುಗಿದಳು. ನಾವು ಎವೆಯಿಕ್ಕದೆ ನೋಡಿದೆವು. ಕಣ್ಣು ಉರಿಯಲಿಲ್ಲ.

ಇದನ್ನು ಯಾವುದಾದರೂ ಕಾದಂಬರಿಯಲ್ಲಿ ಓದಿದ್ದರೆ ನಾನು ಅಂಚಿನಲ್ಲಿ ಬರೆಯುತ್ತಿದ್ದೆ: "ಇಬ್ಬರೂ ಒಂದೇ ಹೊತ್ತಿಗೆ ಹೊರಟರಂತೆ. ಯಾರ ಕಿವಿಗೆ ಹೂವು?" ಅದಕ್ಕೇ ನನಗೆ ಈ ನೆನಪಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಅನುಮಾನ. ಇಲ್ಲದ ಮಳೆ ಸುರಿಸಿದವನಿಗೆ, ಇಲ್ಲದ ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಡುವುದು ಎಷ್ಟರ ಕೆಲಸ?

ದೊಡ್ಡಕೆರೆಯ ಏರಿಯ ಮೇಲೆ ಹೋಗಿ ಕೂತೆವು. ಆಷಾಢದ ಗಾಳಿ ಅವಳ ವೇಲನ್ನು ಕಿತ್ತು ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಮುಚ್ಚಳ ತೆಗೆದರೆ ನಾಟಿಕೋಳಿ ಸಾರು, ಕೆಳಗಿನ ಡಬ್ಬಿಯಲ್ಲಿ ಮುದ್ದೆ. ಮುದ್ದೆ ತಣ್ಣಗಾಗಿತ್ತು. ಒಂದೇ ಡಬ್ಬಿಯಿಂದ ತಿಂದೆವು. ಯಾರಾದರೂ ಏರಿಯ ಮೇಲೆ ಬಂದರೆ ಇಬ್ಬರೂ ದೂರ ಸರಿದು ಗೊತ್ತಿಲ್ಲದವರ ಹಾಗೆ ನೀರು ನೋಡುತ್ತಿದ್ದೆವು, ಇಬ್ಬರ ಬಾಯಲ್ಲೂ ಮೂಳೆ ಇಟ್ಟುಕೊಂಡು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಅವಳು ಹಾಗೆ ನಕ್ಕದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಹಿಂದಿನಿಂದ ಬೈಕೊಂದು ಬಂದು ನಿಂತಿತು. ಅವಳ ಊರಿನ ಹಿರಿಯರೊಬ್ಬರು. "ಏನ್ ಅಳಿಮಯ್ಯ, ಆಷಾಢ ಅಲ್ವಾ?" ಎಂದರು.

"ಎಳನೀರು ಕುಡಿಯೋಕೆ ಬಂದಿದ್ದೆ" ಎಂದೆ.

ಅವರು ಕೋಳಿ ಮೂಳೆ ನೋಡಿದರು, ನನ್ನನ್ನು ನೋಡಿದರು, ಗಾಡಿ ಸ್ಟಾರ್ಟ್ ಮಾಡಿದರು.

ನಾನು ನಿಟ್ಟೂರು ತಲುಪುವಷ್ಟರಲ್ಲಿ ಸುದ್ದಿ ತಲುಪಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಮಾನ ಮರ್ಯಾದೆ ಇದ್ಯೇನ್ಲಾ ನಿಂಗೆ? ಕೆರೆ ಏರಿ ಮೇಲಂತೆ! ಜನ ಏನಂದ್ಕೊಂಡಾರು?" ಆಮೇಲೆ ದನಿ ತಗ್ಗಿಸಿ, "ಏನ್ ತಂದಿದ್ಲು?"

"ಕೋಳಿ ಸಾರು."

"ನಾಟೀದಾ?"

"ಹೂಂ."

ಅಮ್ಮ ಒಳಗೆ ಹೋಗುತ್ತಾ ಅಪ್ಪನಿಗೆ ಹೇಳಿದ್ದು ಕೇಳಿಸಿತು, "ನಾನು ನಿಮಗೆ ಬರೀ ಉಪ್ಪಿಟ್ಟು ತಂದಿದ್ದೆ."

ಆ ತಿಂಗಳು ನಾವು ಮತ್ತೂ ಕೆಲವು ಸಲ ಭೇಟಿಯಾದೆವು. ಒಮ್ಮೆ ಅವಳೇ ಗುಬ್ಬಿಗೆ ಬಂದಳು, ನಾನು ಬೋಟಿ ತಿನ್ನುತ್ತಿದ್ದ ಅದೇ ಹೋಟೆಲಿಗೆ. ಶ್ರಾವಣ ಬಂದು ಮನೆಯವರೆಲ್ಲ ಸೇರಿ ನಮ್ಮನ್ನು ಒಂದುಮಾಡಿದಾಗ ಅವಳು ನನ್ನ ಕಿವಿಯಲ್ಲಿ, "ಮುಗ್ದೇಹೋಯ್ತಲ್ಲೋ" ಎಂದಳು. ಆದರೆ ಈ ಸಲ ಆ ಮಾತಿನಲ್ಲಿ ಬೇಜಾರು ಕಾಣಲಿಲ್ಲ.

ಬಸ್ಸಿನ ವಿಷಯ ಮಾತ್ರ ಅವಳು ಇವತ್ತಿಗೂ ಒಪ್ಪುವುದಿಲ್ಲ. ಕುಣಿಗಲ್ ಆಸ್ಪತ್ರೆಯಲ್ಲಿ ಯಾರೋ ದೂರದ ನೆಂಟರು ಮಲಗಿದ್ದರಂತೆ. ಅವರಿಗೆ ಊಟ ಕೊಡಲು ಹೊರಟಿದ್ದಳಂತೆ, ಬಸ್ಸಿನ ಪಕ್ಕ ನಡೆದುಹೋಗುತ್ತಿದ್ದಳಂತೆ.

"ಆಸ್ಪತ್ರೇಲಿ ಮಲಗಿದೋರಿಗೆ ಅಷ್ಟು ಖಾರದ ಕೋಳಿ ಸಾರಾ?"

"ಅವರಿಗೆ ಕೈ ಮುರಿದಿತ್ತು. ಹೊಟ್ಟೆ ಚೆನ್ನಾಗಿತ್ತು."

"ತುಮಕೂರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ ನೀನು. ನಾನು ನೋಡಿದೀನಿ."

"ನೀನು ಕೊಡೇನೂ ನೋಡಿದ್ದೆ."

ನನ್ನ ಹಣೆಬರಹ, ಜೀವನದಲ್ಲಿ ನಾನು ನಂಬಲೇಬೇಕೆಂದು ಆಸೆಪಟ್ಟ ಒಂದೇ ಒಂದು ವಿಷಯಕ್ಕೆ ಸಾಕ್ಷಿ ನಾನೊಬ್ಬನೇ, ಅದೂ ಇಂಥ ಸಾಕ್ಷಿ.

ಇದಿಷ್ಟನ್ನು ಬರೆದು ಅವಳಿಗೆ ಓದಲು ಕೊಟ್ಟೆ. ಪೆನ್ಸಿಲ್ ಹಿಡಿದು ಓದಿದಳು. ವಾಪಸ್ ಬಂದ ಹಾಳೆಗಳ ಅಂಚು ತುಂಬಿದೆ. ಮೊದಲ ಸಾಲಿನ ಪಕ್ಕ, "ಮಳೆ ಇಲ್ಲ." ಇಡ್ಲಿಯ ಪಕ್ಕ, "ಸೋಮವಾರ ಅಲ್ಲ, ಶನಿವಾರ. ನಿಮ್ಮ ಮನೇಲಿ ಎರಡು ದಿನಾನೂ ತಿನ್ನಲ್ಲ." ಮೂಳೆ ಕಡಿಯುವ ಕಡೆ, "ನುರಿತ ಕೆಲಸ ಅಂತೆ. ಮನುಷ್ಯನಾ ನೀನು?"

ಬಸ್ ಸ್ಟ್ಯಾಂಡಿನ ಕಡೆ ಬಂದೆ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಎಂದಿರುವ ಸಾಲಿನ ಪಕ್ಕ ಏನೂ ಬರೆದಿಲ್ಲ. ಆ ಕಡೆ ಅಂಚು ಪೂರ್ತಿ ಖಾಲಿ. ಪೆನ್ಸಿಲ್ ಮೊಂಡಾಗಿತ್ತೇನೋ ಎಂದುಕೊಂಡೆ. ಆದರೆ ಸ್ವಲ್ಪ ಕೆಳಗೆ, ಮುದ್ದೆ ತಣ್ಣಗಾಗಿತ್ತು ಎಂದಿರುವ ಕಡೆ, ಹಾಳೆ ತೂತಾಗುವಷ್ಟು ಒತ್ತಿ ಬರೆದಿದ್ದಾಳೆ: "ಬಿಸಿ ಇತ್ತು."